ಎರಡೂ ಸೇರಿಸಿ ಒಂದು ಮಾಡ್ರಲ್ಲ!
(ವಾಗೆನಿಂಗನ್‌ನಲ್ಲಿ ರಾಜ್ಯೋತ್ಸವದ ಸಂಜೆ ಆಡಿದ ಮಾತುಗಳ ಬರಹರೂಪ)



ನವೆಂಬರ್ ತಿಂಗಳ ಈ ಮಳೆ, ಗಾಳಿಯಲ್ಲಿ ಕೆಲವರು ಸೈಕಲ್ ತುಳಿದು, ಕೆಲವರು ಎಡೆ-ವಾಗೆನಿಂಗನ್ ಸ್ಟೇಷನ್ನಿನಿಂದ ಬಸ್ ಹಿಡಿದು ಬಂದಿದ್ದೀರಿ. ಹಿಂದಿನ ಕೋಣೆಯಿಂದ ಬಿಸಿಬೇಳೆಬಾತಿನ ವಾಸನೆ ಆಗಲೇ ಬರ್ತಾ ಇದೆ. ನಿಮಗೂ ಊಟಕ್ಕೂ ನಡುವೆ ನಿಂತಿರೋನು ನಾನೊಬ್ಬನೇ ಅಂತ ನನಗೂ ಗೊತ್ತು. ಹಾಗಾಗಿ ಸುತ್ತಿ ಬಳಸದೆ ವಿಷಯಕ್ಕೆ ಬರ್ತೀನಿ.

ನಾನು ಹೊಟ್ಟೆಪಾಡಿಗೆ ಮಾಡೋದು ಗಾಜಿನ ಮನೆಗಳ ಶಾಖ, ತೇವ ಅಳೆಯೋ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯೋ ಕೆಲಸ. ಆದರೆ ಇವತ್ತು ಅದರ ಮಾತಲ್ಲ. ರಾತ್ರಿ ಹೊತ್ತು, ಸಂಬಳವಿಲ್ಲದೆ ಮಾಡಿದ ಇನ್ನೊಂದು ಕೆಲಸದ ಮಾತು. ಆ ಕೆಲಸದಲ್ಲಿ ನಾನೊಂದು ಜಗಳ ಆಡಿದೆ. ಅದನ್ನ ಇವತ್ತು ಯಾಕೆ ಹೇಳ್ತಾ ಇದ್ದೀನಿ ಅಂದರೆ, ಹೋದ ತಿಂಗಳು ನಮ್ಮ ಸಭೆಯಲ್ಲೂ ಅದೇ ತರದ ಪ್ರಶ್ನೆ ಎದ್ದಿತ್ತು. ನಮ್ಮ ಮಕ್ಕಳ ಕನ್ನಡ ಪಾಠದ ಹಾಳೆಗಳು ಒಂದು ಕಟ್ಟು, ಪಕ್ಕದ ಊರಿನವರದು ಇನ್ನೊಂದು ಕಟ್ಟು. "ಎರಡೂ ಸೇರಿಸಿ ಒಂದು ಮಾಡ್ರಲ್ಲ, ಇಷ್ಟು ಸಣ್ಣ ಮಂದಿಗೆ ಎರಡು ಯಾಕೆ?" ಅಂತ ಯಾರೋ ಕೇಳಿದರು. ಕೇಳಿದವರ ಮಾತು ಸರಿ. ಉತ್ತರ ಮಾತ್ರ ಅಷ್ಟು ಸುಲಭ ಅಲ್ಲ.

ನಮ್ಮಪ್ಪ ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಮೇಷ್ಟ್ರು. ರಿಟೈರ್ ಆದ ಮೇಲೆ ಊರಿನ ಒಕ್ಕಲುತನದ ಮಾತುಗಳನ್ನ ಕೂಡಿಹಾಕೋಕೆ ಶುರು ಮಾಡಿದರು. ಕೂರಿಗೆಯ ಭಾಗಗಳ ಹೆಸರು, ಮಳೆ ನಕ್ಷತ್ರದ ಗಾದೆ, ಎತ್ತಿನ ಸುಳಿಗಳ ಹೆಸರು, ಹೀಗೆ. ಎಲ್ಲಾನೂ ಕಂಪ್ಯೂಟರಿನಲ್ಲಿ, ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದರು. ಮುನ್ನೂರು ಪುಟ ದಾಟಿತ್ತು. ಫೈಲ್ ನನಗೆ ಕಳಿಸಿದರು. ಇಲ್ಲಿ ನನ್ನ ಕಂಪ್ಯೂಟರಿನಲ್ಲಿ ತೆರೆದರೆ ಒಂದಕ್ಷರ ಕನ್ನಡ ಕಾಣಲಿಲ್ಲ.

ಯಾಕೆ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಹಳೇ ನುಡಿ, ಬರಹ ಫಾಂಟುಗಳಲ್ಲಿ ಕಂಪ್ಯೂಟರಿಗೆ ಅದು ಕನ್ನಡ ಅಂತಲೇ ಗೊತ್ತಿರಲ್ಲ. ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂಡಿಸಿರ್ತಾರೆ, ಅಷ್ಟೇ. ಫಾಂಟ್ ಇಲ್ಲದಿದ್ದರೆ ವೇಷ ಕಳಚಿಬೀಳುತ್ತೆ. ನುಡಿಯಲ್ಲಿ ಬರೆದ "ಕನ್ನಡ" ಅನ್ನೋ ಪದದ ವೇಷ ಕಳಚಿದರೆ ಒಳಗೆ ಏಳು ಗುರುತು ಇರ್ತವೆ. ಅದರಲ್ಲಿ "ನ" ಇರಬೇಕಾದ ಕಡೆ ಬ್ರಿಟಿಷರ ಪೌಂಡ್ ಚಿಹ್ನೆ, "ನ"ದ ಒತ್ತು ಇರಬೇಕಾದ ಕಡೆ ಜರ್ಮನ್ನರ ಜೋಡಿ ಎಸ್ ಅಕ್ಷರ! ಯುನಿಕೋಡ್‌ನಲ್ಲಿ ಹಾಗಲ್ಲ. 1991ರಲ್ಲಿ ಬಂದ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ ಸ್ವಂತ ಮನೆ ಇದೆ, 128 ಕೋಣೆಗಳ ಮನೆ. ಅಲ್ಲಿ "ಕ" ಅಂದರೆ "ಕ"ವೇ. ಯಾವ ದೇಶದ ಯಾವ ಫೋನಿನಲ್ಲಿ ತೆರೆದರೂ ಅದೇ.

ಹಾಗಾಗಿ 2012ರ ಚಳಿಗಾಲದಲ್ಲಿ ನಾನೇ ಒಂದು ಪರಿವರ್ತಕ ಬರೆಯೋಕೆ ಕೂತೆ. ಪೈಥಾನ್ ಭಾಷೆಯಲ್ಲಿ. ಪೈಥಾನ್ ಹುಟ್ಟಿದ್ದು ಈ ದೇಶದಲ್ಲೇ, ಆಮ್‌ಸ್ಟರ್‌ಡಾಮಿನ ಗಣಿತ ಸಂಶೋಧನಾ ಸಂಸ್ಥೆಯಲ್ಲಿ, ಗಿಡೋ ವಾನ್ ರೋಸಮ್ ಅವರ ಕೈಯಲ್ಲಿ. ಕೆಲಸ ಒಂದು ವಾರದ್ದು ಅಂದ್ಕೊಂಡೆ. ಮೂರು ತಿಂಗಳು ಹಿಡೀತು. ಯಾಕಂದ್ರೆ ಬರೀ ಇದರ ಬದಲು ಅದು ಅಂತ ಪಟ್ಟಿ ಹಾಕಿದರೆ ಆಗಲ್ಲ. "ಕರ್ನಾಟಕ"ದ ಅರ್ಕಾವತ್ತನ್ನ ನುಡಿಯಲ್ಲಿ "ನಾ" ಆದ ಮೇಲೆ ಇಟ್ಟಿರ್ತಾರೆ, ಕಣ್ಣಿಗೆ ಕಾಣೋ ಹಾಗೆ. ಯುನಿಕೋಡ್‌ನಲ್ಲಿ ಬಾಯಲ್ಲಿ ನುಡಿಯೋ ಹಾಗೆ "ರ್" ಮೊದಲು ಬರಬೇಕು. ಹಿಂದಿದ್ದದ್ದನ್ನ ಎತ್ತಿ ಮುಂದೆ ಇಡಬೇಕು, ಎಷ್ಟು ಹಿಂದೆ ಹೋಗಬೇಕು ಅನ್ನೋದು ಪದದಿಂದ ಪದಕ್ಕೆ ಬೇರೆ.

ಬರೆದು ಮುಗಿಸಿ ಎಲ್ಲರಿಗೂ ಮುಕ್ತವಾಗಿ ಬಿಟ್ಟೆ. ಮುಕ್ತ ತಂತ್ರಾಂಶ ಅಂದರೆ ಇಷ್ಟೇ: ಉಪ್ಪಿನಕಾಯಿ ಜೊತೆಗೆ ಉಪ್ಪಿನಕಾಯಿ ಮಾಡೋ ಬಗೆಯನ್ನೂ ಕೊಡೋದು. ಯಾರು ಬೇಕಾದರೂ ಮಾಡ್ಕೋಬಹುದು, ಖಾರ ಹೆಚ್ಚು ಕಡಿಮೆ ಮಾಡ್ಕೋಬಹುದು, ಹಂಚಬಹುದು.

ಆರು ತಿಂಗಳಾದ ಮೇಲೆ ಗೊತ್ತಾಯಿತು, ಧಾರವಾಡದಲ್ಲಿ ನನ್ನ ಜೊತೆ ಓದಿದ ಗೆಳೆಯ ಬೆಂಗಳೂರಿನಲ್ಲಿ ಕೂತು ಇದೇ ಕೆಲಸ ಮಾಡಿದ್ದಾನೆ ಅಂತ. ಅವನದು ಜಾವಾಸ್ಕ್ರಿಪ್ಟ್. ಬ್ರೌಸರಿನಲ್ಲಿ ತೆರೆದು, ಹಳೇದನ್ನ ಅಂಟಿಸಿ, ಗುಂಡಿ ಒತ್ತಿದರೆ ಆಯ್ತು. ಅದೂ ಮುಕ್ತವೇ. ಇಬ್ಬರೂ ಒಬ್ಬರಿಗೊಬ್ಬರು ಶಹಬ್ಬಾಸ್ ಹೇಳ್ಕೊಂಡ್ವಿ. ಮೂರು ವರ್ಷ ಹಾಗೇ ನಡೀತು. ಆಮೇಲೆ ಬಳಸೋ ಜನರಿಂದ ಇದೇ ಮಾತು ಬರೋಕೆ ಶುರುವಾಯ್ತು: "ಎರಡೂ ಸೇರಿಸಿ ಒಂದು ಮಾಡ್ರಲ್ಲ."

2016ರಲ್ಲಿ ಮಾಡೋಣ ಅಂತ ಕೂತ್ವಿ. ಆಗಲೇ ಹರಿದಿದ್ದು.

ಮೊದಲು ಹೆಸರು. ಅವನ ಹೆಸರು ಉಳಿದರೆ ನಂದು ಸತ್ತಂತೆ, ನಂದು ಉಳಿದರೆ ಅವನದು ಸತ್ತಂತೆ. ಮೂರನೇ ಹೆಸರು ಇಟ್ಟರೆ ಹುಡುಕ್ಕೊಂಡು ಬರೋ ಜನಕ್ಕೆ ಎರಡೂ ಸಿಗಲ್ಲ. ಆಮೇಲೆ ಪರವಾನಗಿ. ನಂದು ಜಿಪಿಎಲ್: ತಗೊಂಡು ಬದಲಾಯಿಸಿ ಹಂಚಿದರೆ ಬದಲಾಯಿಸಿದ್ದನ್ನೂ ಮುಕ್ತವಾಗಿ ಕೊಡಬೇಕು. ಅವನದು ಎಂಐಟಿ: ನಮ್ಮ ಹೆಸರಿನ ಚೀಟಿ ಉಳಿಸಿ, ಏನಾದರೂ ಮಾಡ್ಕೊಳ್ಳಿ. ಅವನ ಕೋಡು ನನ್ನ ಮನೆಗೆ ಬರಬಹುದು. ನನ್ನದು ಅವನ ಮನೆಗೆ ಹೋಗಬೇಕಾದರೆ, ನನ್ನದರಲ್ಲಿ ಕೈ ಹಾಕಿದ ಎಲ್ಲರ ಒಪ್ಪಿಗೆಯೂ ಬೇಕು. ಅಂದರೆ ಬಾಗಿಲು ಒಂದೇ ಕಡೆ ತೆರೆಯುತ್ತೆ. ಆ ಬಾಗಿಲು ನನ್ನ ಮನೇದು ಅಂತ ನನಗೆ ಒಳಗೊಳಗೇ ಖುಷಿ. ಅವನಿಗೆ ಅದು ಬಲೆ ಥರ ಕಂಡಿತು.

ಕೊನೆಗೆ "ರ‍್ಯ". ನಗಬೇಡಿ. ಸ್ನೇಹ ಮುರಿದಿದ್ದು ಇದರ ಮೇಲೆ. "ಕಾರ್ಯ" ಅನ್ನೋದನ್ನ ಅರ್ಕಾವತ್ತು ಹಾಕಿ ಬರೀಬಹುದು. "ರ" ಬರೆದು ಕೆಳಗೆ "ಯ" ಒತ್ತು ಕೊಟ್ಟು "ಕಾರ‍್ಯ" ಅಂತಲೂ ಬರೀಬಹುದು. ಎರಡನೆಯದಕ್ಕೆ ಯುನಿಕೋಡ್‌ನಲ್ಲಿ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಬೇಕು. ಆ ಗುರುತು ಇದ್ದರೆ ಎಷ್ಟೋ ಕಡೆ ಹುಡುಕಾಟ ಕೆಡುತ್ತೆ: "ಕಾರ್ಯ" ಅಂತ ಹುಡುಕಿದರೆ "ಕಾರ‍್ಯ" ಸಿಗಲ್ಲ. ಗೆಳೆಯ ಹೇಳಿದ, ಎಲ್ಲಾನೂ ಅರ್ಕಾವತ್ತು ಮಾಡಿಬಿಡೋಣ, ಓದೋರಿಗೆ ಹುಡುಕೋಕೆ ಸಿಗಲಿ. ನಾನು ಹೇಳಿದೆ, ಬರೆದವರು ಹೇಗೆ ಬರೆದಿದ್ದಾರೋ ಹಾಗೇ ಇರಲಿ, ತಿದ್ದೋಕೆ ನಾವ್ಯಾರು? ಇವತ್ತು ಯೋಚಿಸಿದರೆ ಇಬ್ಬರದೂ ಸರಿ. ಅವನು ಓದೋರ ಕಡೆ ನಿಂತಿದ್ದ, ನಾನು ಬರೆದವರ ಕಡೆ. ಆದರೆ ಅವತ್ತು ರಾತ್ರಿ ಒಂದು ಗಂಟೆಗೆ ನಾನು ಅವನಿಗೆ ಒಂದು ಸಾಲು ಬರೆದೆ: "ನಿಂದು ಆಟಿಕೆ, ನಂದು ಸಾಧನ." ಹತ್ತು ಜನ ಓದೋ ಜಾಗದಲ್ಲಿ ಬರೆದೆ. ಅವನು ಉತ್ತರ ಕೊಡಲಿಲ್ಲ. ಮೂರು ವರ್ಷ ಕೊಡಲಿಲ್ಲ.

ಇಂಥ ಜಗಳ ನಮ್ಮಿಬ್ಬರದೇ ಅಲ್ಲ, ದೊಡ್ಡವರ ಮನೆಯಲ್ಲೂ ಆಗಿದೆ. ಜಿಸಿಸಿ ಅಂತ ಒಂದು ತಂತ್ರಾಂಶ ಇದೆ, ಬೇರೆ ತಂತ್ರಾಂಶಗಳನ್ನ ಯಂತ್ರದ ಭಾಷೆಗೆ ಇಳಿಸೋದು. ಅದರ ಕೆಲಸ ನಿಧಾನ ಆಯ್ತು, ಹೊಸಬರ ತಿದ್ದುಪಡಿ ಒಳಗೆ ಬಿಡ್ತಾ ಇಲ್ಲ ಅಂತ 1997ರಲ್ಲಿ ಕೆಲವರು ಸಿಡಿದು ಇಜಿಸಿಎಸ್ ಅಂತ ಬೇರೆ ಒಲೆ ಹೂಡಿದರು. ಎರಡು ವರ್ಷದಲ್ಲಿ ಹೊಸದೇ ಮುಂದೆ ಹೋಯ್ತು. 1999ರಲ್ಲಿ ಎರಡೂ ಒಂದಾದವು. ಹೇಗೆ ಗೊತ್ತಾ? ಹೆಸರು ಹಳೇದು, ಒಳಗಿನ ಕೋಡು ಹೊಸದು. ಹಿರಿಯರಿಗೆ ಫಲಕ ಉಳಿಯಿತು, ಕಿರಿಯರಿಗೆ ಕೆಲಸ ಸಿಕ್ಕಿತು.

ರಾಜ್ಯೋತ್ಸವದ ದಿನ ಇದನ್ನ ಕೇಳಿದರೆ ನಿಮಗೆ ಏನೋ ನೆನಪಾಗಬೇಕು. 1956ರ ನವೆಂಬರ್ 1ಕ್ಕೆ ಮುಂಬಯಿ, ಹೈದರಾಬಾದ್, ಮದರಾಸು ಪ್ರಾಂತಗಳ ಕನ್ನಡ ನಾಡು, ಕೊಡಗು, ಹಳೇ ಮೈಸೂರು ಸೇರಿ ಒಂದಾದವು. ಆದರೆ ಹೆಸರು? ಮೈಸೂರು ಅಂತಲೇ ಉಳೀತು. ನಮ್ಮ ಉತ್ತರ ಕರ್ನಾಟಕದವರು 17 ವರ್ಷ ಮೈಸೂರು ರಾಜ್ಯದವರಾಗಿದ್ದರು. ಕರ್ನಾಟಕ ಅಂತ ಆಗಿದ್ದು 1973ರ ನವೆಂಬರ್ 1ಕ್ಕೆ. ಏಕೀಕರಣವೇ ಬೇಡ ಅಂದವರು ಹಳೇ ಮೈಸೂರಿನಲ್ಲೂ ಇದ್ದರು. ಕಾಸರಗೋಡು ಆಚೆ ಉಳಿದೇಹೋಯ್ತು. ಒಂದಾಗೋದು ಅಂದರೆ ಒಂದು ದಿನದ ಸಹಿ ಅಲ್ಲ. ಹೆಸರಿನ ಲೆಕ್ಕ ಚುಕ್ತಾ ಆಗೋಕೇ ಹದಿನೇಳು ವರ್ಷ ಬೇಕಾಯ್ತು.

ಇನ್ನು ಒಂದಾಗದೇ ಉಳಿದವರ ಕಥೆ. ಓಪನ್‌ಆಫೀಸ್ ನಿಮ್ಮಲ್ಲಿ ಬಹಳ ಜನ ಬಳಸಿದ್ದೀರಿ. ಅದರ ಒಡೆತನ ಇದ್ದ ಸನ್ ಕಂಪನಿಯನ್ನ 2010ರಲ್ಲಿ ಒರಾಕಲ್ ಕೊಂಡಿತು. ಕೆಲಸ ಮಾಡ್ತಿದ್ದ ಬಹುಪಾಲು ಸ್ವಯಂಸೇವಕರು ಅದೇ ಸೆಪ್ಟೆಂಬರಿನಲ್ಲಿ ಹೊರಬಂದು ಲಿಬ್ರೆಆಫೀಸ್ ಕಟ್ಟಿದರು. ಒರಾಕಲ್ 2011ರಲ್ಲಿ ಹಳೇ ಹೆಸರು, ಹಳೇ ಕೋಡು ಎರಡನ್ನೂ ಅಪಾಚೆ ಸಂಸ್ಥೆಗೆ ಕೊಟ್ಟಿತು. ಅಲ್ಲಿಗೆ ಎರಡಾಯ್ತು. ಇಲ್ಲೂ ಪರವಾನಗಿ ಬಾಗಿಲು ಒಂದೇ ಕಡೆ ತೆರೆಯೋದು: ಅಪಾಚೆಯ ಕೋಡನ್ನ ಲಿಬ್ರೆಆಫೀಸ್‌ನವರು ತಗೋಬಹುದು, ಲಿಬ್ರೆಯದನ್ನ ಅಪಾಚೆಯವರು ಹಾಗೇ ತಗೊಳ್ಳೋ ಹಾಗಿಲ್ಲ. ಜನಕ್ಕೆ ಗೊತ್ತಿದ್ದದ್ದು ಹಳೇ ಹೆಸರು, ಕೆಲಸ ನಡೀತಿದ್ದದ್ದು ಹೊಸ ಮನೆಯಲ್ಲಿ.

ಹಾಗಂತ ಎರಡಾಗೋದು ಯಾವಾಗಲೂ ಕೆಟ್ಟದ್ದೂ ಅಲ್ಲ. ವಿಮ್ ಅನ್ನೋ ಬರೆಯೋ ಸಾಧನ ನಮ್ಮ ನೆದರ್‌ಲ್ಯಾಂಡ್ಸಿನ ಬ್ರಾಮ್ ಮೂಲೆನಾರ್ ಅವರದು. 1991ರಿಂದ 2023ರ ಆಗಸ್ಟಿನಲ್ಲಿ ತೀರಿಕೊಳ್ಳೋವರೆಗೂ ಅವರೇ ಅದನ್ನ ನಡೆಸಿದರು. ದುಡ್ಡು ಕೊಡೋ ಮನಸ್ಸಿದ್ದರೆ ಉಗಾಂಡಾದ ಬಡ ಮಕ್ಕಳಿಗೆ ಕೊಡಿ ಅಂತ ಬಳಸೋರನ್ನ ಕೇಳ್ತಾ ಇದ್ದರು. 2014ರಲ್ಲಿ ಒಬ್ಬ ಹುಡುಗನ ದೊಡ್ಡ ತಿದ್ದುಪಡಿ ಅದರೊಳಗೆ ಸೇರಲಿಲ್ಲ. ಅವನು ನಿಯೋವಿಮ್ ಅಂತ ಬೇರೆ ಶುರು ಮಾಡಿದ. ಎರಡು ವರ್ಷದಲ್ಲಿ ಅದೇ ಥರದ ಸೌಲಭ್ಯ ವಿಮ್‌ಗೂ ಬಂತು. ಈ ಕಡೆ ನಿಯೋವಿಮ್‌ನವರು ವಿಮ್‌ನ ತಿದ್ದುಪಡಿಗಳನ್ನ ತಮ್ಮಲ್ಲಿಗೆ ತರ್ತಾನೇ ಇದ್ದಾರೆ. ಒಂದಾಗಲಿಲ್ಲ, ಎರಡೂ ಗಟ್ಟಿಯಾದವು.

ನಮ್ಮ ಕಥೆಗೆ ವಾಪಸ್ ಬರ್ತೀನಿ. 2019ರಲ್ಲಿ ರಜೆಗೆ ಊರಿಗೆ ಹೋದಾಗ ಅಪ್ಪ ಪುಸ್ತಕ ಅಚ್ಚಿಗೆ ಕೊಡೋಕೆ ಫೈಲ್ ಸಿದ್ಧ ಮಾಡ್ಕೊಂಡು ಕೂತಿದ್ದರು. ಎಲ್ಲಾ ಯುನಿಕೋಡ್‌ನಲ್ಲಿ. ನನಗೆ ಹೆಮ್ಮೆ ಆಯ್ತು. ನನ್ನ ಪರಿವರ್ತಕದಲ್ಲಿ ಹೇಗೆ ಮಾಡ್ಕೊಂಡ್ರಿ ಅಂದೆ. ಅಪ್ಪ ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ನಿಂದು ನಂಗ ನಡಸಾಕ ಬರಂಗಿಲ್ಲಪಾ. ಕರೀ ಪರದೆ ಮ್ಯಾಲ ಏನೇನೋ ಬರೀಬೇಕು. ಇದು ನಿನ್ನ ದೋಸ್ತಂದು. ಅಂಟ್ಸೂದು, ಒತ್ತೂದು."

ಯಾರಿಗೋಸ್ಕರ ಬರೆದಿದ್ದೆನೋ ಅವರೇ ನನ್ನದನ್ನ ಬಳಸಿರಲಿಲ್ಲ. ನಾನು ಆಟಿಕೆ ಅಂದದ್ದೇ ಅವರ ಕೆಲಸಕ್ಕೆ ಬಂದಿತ್ತು.

ಆದರೆ ಅಪ್ಪ ಇನ್ನೊಂದು ಮಾತು ಹೇಳಿದರು. "ಒಂದ ತ್ರಾಸು. ನಾ ರ‍್ಯ ಅಂತ ಬರದಲ್ಲೆಲ್ಲಾ ಅದು ಅರ್ಕಾವತ್ತು ಮಾಡಿ ಇಟ್ಟೈತಿ. ಹಳ್ಳಿ ಮಂದಿ ಅನ್ನೂದನ್ನ ನಾ ಬೇಕಂತ ಹಂಗ ಬರದಿದ್ದೆ. ಒಂದೊಂದ ಹುಡುಕಿ ಕೈಲೆ ತಿದ್ದಾಕತ್ತೀನಿ." ಮೇಜಿನ ಮೇಲೆ ನೋಟ್‌ಬುಕ್ ಇತ್ತು. ತಿದ್ದಿದ ಪುಟಗಳ ನಂಬರು ಬರೆದು ಗೀಟು ಹಾಕ್ತಾ ಹೋಗಿದ್ದರು. ಎಪ್ಪತ್ತೆರಡು ವರ್ಷದ ಮನುಷ್ಯ, ಕಣ್ಣಿನ ಪೊರೆ ತೆಗೆಸ್ಕೊಂಡವರು, ನಮ್ಮಿಬ್ಬರ ಹಟದ ಸಾಲವನ್ನ ಪುಟಪುಟಕ್ಕೂ ತೀರಿಸ್ತಾ ಕೂತಿದ್ದರು.

ಅವತ್ತು ರಾತ್ರಿ ಗೆಳೆಯನಿಗೆ ಫೋನ್ ಮಾಡಿದೆ. ಕ್ಷಮೆ ಕೇಳಿದೆ. ಎರಡೂ ಒಂದು ಮಾಡೋಣ ಅಂತ ಕೇಳಲಿಲ್ಲ. ನಿನ್ನ ಹತ್ರ ಇರೋ ತಪ್ಪುಗಳ ಪಟ್ಟಿ ಕೊಡು, ನನ್ನದೂ ಕೊಡ್ತೀನಿ ಅಂದೆ. ಅಷ್ಟೇ. ಇಬ್ಬರ ಹತ್ತಿರವೂ ಜನ ಕಳಿಸಿದ ಕೆಟ್ಟ ಪದಗಳ ಪಟ್ಟಿ ಇತ್ತು: ಇದು ಒಳಗೆ ಹೋದರೆ ಇದು ಹೊರಗೆ ಬರಬೇಕು ಅಂತ. ಸೇರಿಸಿದರೆ ಸಾವಿರದ ಇನ್ನೂರು ಪದ ಆಯ್ತು. ಅವನು ಎರಡು ವರ್ಷದ ಹಿಂದೆಯೇ ಸರಿಮಾಡಿದ್ದ ಒಂದು ತಪ್ಪು ನನ್ನಲ್ಲಿ ಇನ್ನೂ ಹಾಗೇ ಇತ್ತು. ನನ್ನಲ್ಲಿ ಸರಿ ಇದ್ದ ಹದಿನಾರು ಪದ ಅವನಲ್ಲಿ ಕೆಡ್ತಾ ಇದ್ದವು. ಆ ಪಟ್ಟಿಗೆ ಯಾವ ಹಕ್ಕಿನ ಗೊಡವೆಯೂ ಬೇಡ ಅಂತ ಎಲ್ಲರಿಗೂ ಬಿಟ್ಟುಕೊಟ್ವಿ. ಎರಡು ತಂತ್ರಾಂಶವೂ ಒಂದೇ ಪಟ್ಟಿಯ ಮುಂದೆ ಪರೀಕ್ಷೆಗೆ ನಿಂತವು.

2020ರ ಅಕ್ಟೋಬರಿನಲ್ಲಿ ಓಪನ್‌ಆಫೀಸಿಗೆ ಇಪ್ಪತ್ತು ವರ್ಷ ತುಂಬಿತು. ಆವಾಗ ಲಿಬ್ರೆಆಫೀಸ್‌ನವರು ಹಳೇ ಮನೆಯವರಿಗೆ ಒಂದು ಬಹಿರಂಗ ಪತ್ರ ಬರೆದರು. ಮುಚ್ಚಿ ಅಂತಲ್ಲ, ಸೇರಿಕೊಳ್ಳಿ ಅಂತಲೂ ಅಲ್ಲ. ಹೊಸತನ್ನ ಚುರುಕಾಗಿ ನಡೆಸ್ತಿರೋ ಇನ್ನೊಂದು ಮನೆ ಇದೆ ಅಂತ ನಿಮ್ಮ ಬಳಕೆದಾರರಿಗೆ ತಿಳಿಸಿ ಅನ್ನೋದು ಅದರ ಸಾರ. ಲಾಕ್‌ಡೌನಿನಲ್ಲಿ ಮನೆಯಲ್ಲಿ ಕೂತು ಅದನ್ನ ಓದಿದೆ. ನನ್ನ ಪರಿವರ್ತಕದ ಪುಟ ತೆರೆದು ನೋಡಿದೆ. ನಾನು ಅದನ್ನ ಮುಟ್ಟಿ ಹದಿನಾಲ್ಕು ತಿಂಗಳಾಗಿತ್ತು. ಆದರೂ ಜನ ಬರ್ತಾ ಇದ್ದರು, ಹೆಸರು ಹಳೇದಲ್ಲ, ಮೊದಲು ಸಿಗ್ತಿತ್ತು. ಬಂದವರಿಗೆ ನಾನು ಕೊಡ್ತಾ ಇದ್ದದ್ದು ಹಳಸಿದ್ದು.

2021ರ ಯುಗಾದಿ ದಿನ ಆ ಪುಟದ ಮೇಲೆ ಒಂದು ಸಾಲು ಬರೆದೆ: "ಇದರ ಕೆಲಸ ನಿಂತಿದೆ. ಅದನ್ನು ಬಳಸಿ." ಕೆಳಗೆ ಗೆಳೆಯನ ಪುಟದ ಕೊಂಡಿ. ಬರೆಯೋಕೆ ಒಂದು ನಿಮಿಷ ಸಾಕು. ಮನಸ್ಸು ಬರೋಕೆ ಐದು ವರ್ಷ ಬೇಕಾಯ್ತು. ನನ್ನ ಕಡೆ ಕೈ ಹಾಕಿದ್ದ ನಾಲ್ಕು ಜನಕ್ಕೂ ಬರೆದು, ಒಪ್ಪಿಗೆ ತಗೊಂಡು, ಬೇಕಾದ ಭಾಗಗಳನ್ನ ಅವನ ಪರವಾನಗಿಗೇ ಬಿಟ್ಟುಕೊಟ್ಟೆ. ಅವನು ಏನು ಮಾಡಿದ ಗೊತ್ತಾ? ತನ್ನ ಪುಟದಲ್ಲಿ ಒಂದು ಸಣ್ಣ ಚೌಕ ಸೇರಿಸಿದ. "ಬರೆದವರು ಬರೆದಂತೆ ಇರಲಿ" ಅಂತ. ಅದಕ್ಕೆ ಗುರುತು ಹಾಕಿದರೆ "ರ‍್ಯ" ಹಾಗೇ ಉಳಿಯುತ್ತೆ. 2016ರಲ್ಲಿ ಸ್ನೇಹ ಮುರಿದದ್ದಕ್ಕೆ ಔಷಧ ಒಂದು ಚೌಕವಾಗಿತ್ತು. ಅವತ್ತು ಇಬ್ಬರಿಗೂ ಅದು ಹೊಳೀಲಿಲ್ಲ. ನಮಗೆ ಬೇಕಾಗಿದ್ದದ್ದು ಗೆಲುವು, ಪರಿಹಾರ ಅಲ್ಲ.

ಈ ಊರಲ್ಲಿ ಇರೋರಿಗೆ ಹೋಟೆಲ್ ಡಿ ವೆರೆಲ್ಡ್ ಗೊತ್ತು. 1945ರ ಮೇ 5ರಂದು ಸೋತ ಜರ್ಮನ್ ಸೇನಾಧಿಕಾರಿಯನ್ನ ಕೆನಡಾದ ಜನರಲ್ ಎದುರಿಗೆ ಕೂರಿಸ್ಕೊಂಡು ಶರಣಾಗತಿಯ ಶರತ್ತು ಹೇಳಿದ ಜಾಗ. ಯುದ್ಧ ನಿಲ್ಲೋಕೆ ಅಂಥ ಮೇಜು ಬೇಕು. ಆದರೆ ಪುಕ್ಕಟೆ ಕೆಲಸ ಮಾಡೋ ಇಬ್ಬರನ್ನ ಕೂಡಿಸೋಕೆ ಆ ಮೇಜು ನಡೆಯಲ್ಲ. 2016ರಲ್ಲಿ ನಾನು ಗೆಳೆಯನಿಗೆ ಎಳೆದಿಟ್ಟದ್ದು ಅದೇ ಕುರ್ಚಿ.

ಈ ದೇಶದಲ್ಲೇ ಇನ್ನೊಂದು ದಾರಿಯೂ ಇದೆ. 1950ರ ಹೊತ್ತಿಗೆ ಇಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ನೀರಿನ ಮಂಡಳಿಗಳಿದ್ದವು. ಒಡ್ಡು, ಕಾಲುವೆ ನೋಡ್ಕೊಳ್ಳೋವು. ಎಷ್ಟೋ ಮಂಡಳಿಗಳು ಪುಟ್ಟವು, ಕೈಯಲ್ಲಿ ದುಡ್ಡಿಲ್ಲದವು. 1953ರ ಫೆಬ್ರುವರಿ 1ರಂದು ಸಮುದ್ರ ಒಡ್ಡು ಒಡೆದು ಒಳಗೆ ನುಗ್ಗಿತು. 1,836 ಜನ ಸತ್ತರು. ಅಲ್ಲಿಂದಾಚೆ ಮಂಡಳಿಗಳನ್ನ ಕೂಡಿಸೋ ಕೆಲಸ ಬಿರುಸಾಯ್ತು. ಇವತ್ತು ಇರೋದು 21. ಮಾತಾಡಿ ಮಾತಾಡಿ, ದಶಕಗಟ್ಟಲೆ ಹಿಡಿದು ಮಾಡಿದರು. ಕೂಡೋಕೆ ಕಾರಣ ಯಾರ ಹೆಸರೂ ಅಲ್ಲ, ನೀರು. ನೀರಿಗೆ ಗಡಿ ಗೊತ್ತಿಲ್ಲ.

ಹಾಗಾದರೆ ನಮ್ಮ ಮಕ್ಕಳ ಪಾಠದ ಹಾಳೆಗಳು? ತೀರ್ಮಾನ ಸಮಿತಿಯದು. ನನ್ನ ಸಲಹೆ ಇಷ್ಟು. ಮೊದಲ ದಿನವೇ ಹೆಸರಿನ ಮಾತು ಎತ್ತಬೇಡಿ. ಎರಡೂ ಕಡೆಯ ಮೇಷ್ಟ್ರು, ಮೇಡಂಗಳು ಒಂದು ಶನಿವಾರ ಕೂತು, ಮಕ್ಕಳು ಎಲ್ಲಿ ತಪ್ಪುತ್ತಾರೆ ಅನ್ನೋ ಪಟ್ಟಿ ಸೇರಿಸಿ. ಅಲ್ಪಪ್ರಾಣ ಮಹಾಪ್ರಾಣ ಎಲ್ಲಿ ಗೊಂದಲ, ಒತ್ತಕ್ಷರ ಎಲ್ಲಿ ಬಿಟ್ಟುಹೋಗುತ್ತೆ ಅಂತ. ಆ ಪಟ್ಟಿ ಇಬ್ಬರದೂ ಆಗಲಿ. ಪಾಠ ಎರಡು ಇದ್ದರೂ ಪರವಾಗಿಲ್ಲ. ವರ್ಷ ಕಳೆದ ಮೇಲೆ ಯಾವ ಹಾಳೆಗೆ ಕೈ ಹಾಕೋರೇ ಇಲ್ಲವೋ, ಅದರ ಮೇಲೆ "ಅದನ್ನು ಬಳಸಿ" ಅಂತ ಒಂದು ಸಾಲು ಬರೆಯೋ ಮನಸ್ಸು ಮಾಡಿ. ಅದು ನಮ್ಮದೇ ಹಾಳೆ ಆಗಿದ್ದರೂ ಬರೀರಿ. ಬಳಸೋ ಮಗುವಿಗೆ ಮಾತ್ರ ನಮ್ಮ ಜಗಳದ ಬಿಲ್ಲು ಹೋಗಬಾರದು.

ಅಪ್ಪನ ಪುಸ್ತಕ ಅಚ್ಚಾಯ್ತು. ಮುನ್ನುಡಿಯ ಕೊನೆಯಲ್ಲಿ ಇಬ್ಬರಿಗೂ ಥ್ಯಾಂಕ್ಸ್ ಬರೆದಿದ್ದಾರೆ. ಗೆಳೆಯನ ಹೆಸರು ಮೊದಲು ಹಾಕಿದ್ದಾರೆ. ಯಾಕೆ ಅಂತ ಕೇಳಿದ್ದಕ್ಕೆ, "ಅಕಾರಾದಿಪಾ, ಅದಕ್ಕ" ಅಂದರು. ಅಕಾರಾದಿಯಲ್ಲಿ ನನ್ನ ಹೆಸರೇ ಮೊದಲು ಬರಬೇಕಿತ್ತು. ನಾನು ತಿದ್ದೋಕೆ ಹೋಗಲಿಲ್ಲ. ಬರೆದವರು ಬರೆದಂತೆ ಇರಲಿ.

ಊಟ ತಣ್ಣಗಾಗುತ್ತೆ, ಏಳಿ.